ಸತ್ಯಾಂಶ: ಎಡಿಎಚ್‌ಡಿಗೆ ಸಕ್ಕರೆ ಗುಳಿಗೆ ಸಾಕೇ?

“ಎಡಿಎಚ್‌ಡಿ ಕಾಯಿಲೆಯೇ ಅಲ್ಲ, ಮುದ್ದು ಹೆಚ್ಚಾಗಿ ಹೀಗೆ, ಹೋಮಿಯೋಪಥಿ ಗುಳಿಗೆ ಕೊಟ್ಟರೆ ಪೂರ್ತಿ ವಾಸಿ.” ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದಿರುವ ಈ ಸಂದೇಶದಲ್ಲಿ ಎರಡೂ ಮಾತು ತಪ್ಪು.

ಎಡಿಎಚ್‌ಡಿ ಎಂದರೆ ಗಮನ ನಿಲ್ಲದಿರುವ, ಅತಿ ಚಟುವಟಿಕೆಯ, ದುಡುಕುವ ತೊಂದರೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ವಂಶವಾಹಿಗಳ ಪಾಲು ದೊಡ್ಡದು. ಹಾಗೆಂದು ಕಾಫಿ ಕಣದಲ್ಲಿ ಕುಣಿಯುವ ತುಂಟರಿಗೆಲ್ಲ ಇದೆ ಎಂದಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿ, ಕನಿಷ್ಠ 6 ತಿಂಗಳು, ಮನೆಯಲ್ಲೂ ಶಾಲೆಯಲ್ಲೂ ಕಾಣಿಸಬೇಕು. ಲೆಕ್ಕ ಅರ್ಧಕ್ಕೇ ಬಿಟ್ಟು ಕಿಟಕಿಯಾಚೆ ಮಳೆ ನೋಡುತ್ತ ಕೂರುವ ಹುಡುಗಿಗೂ ಇರಬಹುದು. ಗಲಾಟೆ ಮಾಡದ ಅವಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಡಿಎಚ್‌ಡಿಗೆ ಹೋಮಿಯೋಪಥಿ ಕೊಟ್ಟು ನೋಡಿದ ಪ್ರಯೋಗಗಳನ್ನು ಪರಿಶೀಲಿಸಿದ, ಚಿಕಿತ್ಸೆಗಳ ಪುರಾವೆ ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ 2007ರ ವಿಮರ್ಶೆಗೆ ಫಲವಿದೆ ಎನ್ನಲು ಪುರಾವೆ ಸಿಗಲಿಲ್ಲ. ನೆರವಾಗುವುದು ಮಗುವನ್ನು ನಿಭಾಯಿಸಲು ಪೋಷಕರಿಗೆ ಕೊಡುವ ತರಬೇತಿ. 6 ವರ್ಷ ದಾಟಿದವರಿಗೆ, ಬೇಕಿದ್ದರೆ, ಮೀಥೈಲ್‌ಫೆನಿಡೇಟ್‌ನಂಥ ಔಷಧ. ಅದರಿಂದ ಹಸಿವು ತಗ್ಗಬಹುದು, ಹಾಗಾಗಿ ವೈದ್ಯರು ತೂಕ ನೋಡುತ್ತಿರುತ್ತಾರೆ. ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು.