ಸಣ್ಣಗಾಗಲು ಒಂದು ‘ಸಣ್ಣ’ ಆಪರೇಷನ್

ನಿನ್ನೆ ಲಿಂಗಸುಗೂರು ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ ನಿಶ್ಚಿತಾರ್ಥದ ಊಟಕ್ಕೆ ಕುಳಿತಿದ್ದಾಗ ಹುಡುಗಿಯ ತಾಯಿ ಪಕ್ಕಕ್ಕೆ ಬಂದು, ದನಿ ತಗ್ಗಿಸಿ, “ಸಿಸ್ಟರ್, ಮುಂದಿನ ತಿಂಗಳ ಹೈದ್ರಾಬಾದಿಗೆ ಹೋಗಿ ಇಕಿ ಹೊಟ್ಟಿ ಕೊಬ್ಬು ತೆಗಿಸ್ಕೊಂಡು ಬರ್ತೀವ್ರಿ. ಸಣ್ಣ ಆಪರೇಷನ್ ಅಂತ. ಶನಿವಾರ ಹೋದ್ರ ಸೋಮವಾರ ವಾಪಸ್” ಎಂದರು. ಹುಡುಗನ ಸೋದರತ್ತೆ ಯಾರೋ “ಹುಡುಗಿ ಚಂದ ಅದಾಳ, ಒಂದೀಟು ದಪ್ಪ ಅಷ್ಟೇ” ಎಂದು ಅಂದದ್ದೇ ಇಷ್ಟಕ್ಕೆಲ್ಲ ಕಾರಣವಂತೆ. ಖರ್ಚನ್ನು ಕಂತಿನಲ್ಲಿ ಕಟ್ಟಬಹುದಂತೆ. ಹೋಳಿಗೆ ತುಪ್ಪದ ಎಲೆಯ ಮುಂದೆ ಕುಳಿತು ಜಗಳವಾಡಬಾರದೆಂದು ನಾನು ಸುಮ್ಮನಿದ್ದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸಿಟ್ಟು ಆ ತಾಯಿಯ ಮೇಲಲ್ಲ, ಆ ‘ಸಣ್ಣ’ ಎಂಬ ಪದದ ಮೇಲೆ. 31 ವರ್ಷ ಸರ್ಜಿಕಲ್ ವಾರ್ಡಿನಲ್ಲಿ ಹಗಲು ರಾತ್ರಿ ಪಾಳಿ ಮಾಡಿದವಳು ನಾನು. ‘ಸಣ್ಣ ಆಪರೇಷನ್’ ಎಂಬ ಮಾತನ್ನು ರೋಗಿಯ ಕಡೆಯವರ ಬಾಯಲ್ಲಿ ಕೇಳಿದ್ದೇನೆ, ಗಿರಾಕಿ ಹಿಡಿದು ತರುವ ದಲ್ಲಾಳಿಗಳ ಬಾಯಲ್ಲಿ ಕೇಳಿದ್ದೇನೆ. ಅರಿವಳಿಕೆ ಕೊಡುವ ಡಾಕ್ಟರ ಬಾಯಲ್ಲಿ ಮಾತ್ರ ಒಮ್ಮೆಯೂ ಕೇಳಿಲ್ಲ. ಹೊರಗೆ ಕಾಣುವ ಗಾಯ ಸಣ್ಣದಿರುವುದು ನಿಜ. ಅರ್ಧ ಇಂಚಿನೊಳಗಿನ ನಾಲ್ಕಾರು ತೂತುಗಳು, ಅಷ್ಟೇ. ಆದರೆ ಆ ತೂತಿನಿಂದ ಉಪ್ಪುನೀರು, ಮರಗಟ್ಟಿಸುವ ಲಿಡೊಕೇನ್, ರಕ್ತ ಸೋರದಂತೆ ತಡೆಯುವ ಅಡ್ರಿನಾಲಿನ್ ಬೆರೆಸಿದ ದ್ರವವನ್ನು ಲೀಟರುಗಟ್ಟಲೆ ಚರ್ಮದಡಿಗೆ ತುಂಬಿ, ಲೋಹದ ನಳಿಕೆಯನ್ನು ಒಳಗೆ ತೂರಿಸಿ, ಕಣ್ಣಿಗೆ ಕಾಣದೆ ಕೈಯಂದಾಜಿನಲ್ಲಿ ಹಿಂದೆ ಮುಂದೆ ಆಡಿಸುತ್ತ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಲೈಪೊಸಕ್ಷನ್ ಎಂದರೆ ಇದೇ. ನಳಿಕೆ ಅಂದಾಜು ತಪ್ಪಿ ಹೊಟ್ಟೆಯ ಗೋಡೆ ದಾಟಿದರೆ ಕರುಳಿಗೆ ತೂತು ಬೀಳುತ್ತದೆ. ಒಡೆದ ಕೊಬ್ಬಿನ ಕಣ ರಕ್ತನಾಳಕ್ಕೆ ಸೇರಿದರೆ ನೇರ ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವೂ ಅಲ್ಲಿಗೇ ಹೋಗುತ್ತದೆ. ತುಂಬಿದ ನೀರಿನ ಲೆಕ್ಕ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಇನ್ನು ಆ ಲಿಡೊಕೇನ್ ಹೆಚ್ಚಾದರೆ ವಿಷವೇ; ಅದು ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುವುದು ಓಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ಡಾಕ್ಟರು ಪಕ್ಕದಲ್ಲಿದ್ದಾಗಲ್ಲ, ಹತ್ತು ಹನ್ನೆರಡು ಗಂಟೆಗಳ ನಂತರ, ಎಲ್ಲರೂ ಮಲಗಿದ ಮೇಲೆ. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ತೆಗೆದರೆ ಅದನ್ನು ವೈದ್ಯರೇ ‘ದೊಡ್ಡ ಪ್ರಮಾಣ’ ಎನ್ನುತ್ತಾರೆ; ಅಂಥವರನ್ನು ರಾತ್ರಿಯಿಡೀ ಆಸ್ಪತ್ರೆಯಲ್ಲೇ ಇರಿಸಿಕೊಂಡು ನೋಡಬೇಕು. ಇದರಲ್ಲಿ ಸಣ್ಣದು ಯಾವುದೆಂದು ಯಾರಾದರೂ ನನಗೆ ತಿಳಿಸಿ ಹೇಳಲಿ.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಇದೇ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ ಆಕೆಗೆ 21 ವರ್ಷ. ನಮ್ಮ ರಾಯಚೂರಿನವರಿಗೆ ತೆಲುಗು ಸಿನಿಮಾ ಹೊಸದಲ್ಲ. ನಟಿ ಆರತಿ ಅಗರ್ವಾಲ್ ಎಂದರೆ ನನ್ನ ವಾರಿಗೆಯವರಿಗೆಲ್ಲ ಗೊತ್ತು. ಆಕೆ ಕೊಬ್ಬು ತೆಗೆಸಿಕೊಂಡ ಕೆಲವೇ ವಾರಗಳಲ್ಲಿ, 2015ರ ಜೂನ್‌ನಲ್ಲಿ, ಅಮೆರಿಕದಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡರು, ವಯಸ್ಸು 31. ಈ ಎರಡೂ ಸುದ್ದಿ ಬಂದಾಗ ನಾವೆಲ್ಲ “ಅಯ್ಯೋ ಪಾಪ” ಎಂದು ಶೇರ್ ಮಾಡಿದ್ದೆವು. ಆಮೇಲೆ ಮರೆತೆವು.

ಇನ್ನೊಂದು ಸಂಗತಿಯನ್ನು ಕಂತಿನ ಲೆಕ್ಕ ಹೇಳುವವರು ಬಾಯಿಬಿಟ್ಟು ಹೇಳುವುದಿಲ್ಲ. ನಳಿಕೆ ಹೀರುವುದು ಚರ್ಮದ ಕೆಳಗಿನ ಕೊಬ್ಬನ್ನು. ಸಕ್ಕರೆ ಕಾಯಿಲೆಗೆ, ಹೃದಯದ ಕಾಯಿಲೆಗೆ ಹೆಚ್ಚು ದಾರಿ ಮಾಡಿಕೊಡುವುದು ಹೊಟ್ಟೆಯೊಳಗೆ, ಯಕೃತ್ತು ಕರುಳುಗಳ ಸುತ್ತ ಕುಳಿತಿರುವ ಕೊಬ್ಬು. ಅದನ್ನು ಈ ನಳಿಕೆ ಮುಟ್ಟುವುದೇ ಇಲ್ಲ. 2004ರಲ್ಲಿ ಅಮೆರಿಕದ ವೈದ್ಯರು ಬೊಜ್ಜಿನ 15 ಮಹಿಳೆಯರಿಂದ ಸುಮಾರು 10 ಕಿಲೋದಷ್ಟು ಕೊಬ್ಬನ್ನು ಹೀಗೆ ತೆಗೆದು, ಎರಡೂವರೆ ಮೂರು ತಿಂಗಳ ನಂತರ ಪರೀಕ್ಷಿಸಿದರು. ರಕ್ತದೊತ್ತಡದಲ್ಲಾಗಲಿ, ಇನ್ಸುಲಿನ್ ಕೆಲಸ ಮಾಡುವ ರೀತಿಯಲ್ಲಾಗಲಿ, ಕೊಲೆಸ್ಟರಾಲ್‌ನಲ್ಲಾಗಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಅದೇ 10 ಕಿಲೋವನ್ನು ಊಟ ನಡಿಗೆಯಿಂದ ಇಳಿಸಿದ್ದರೆ ಅವೆಲ್ಲ ಸುಧಾರಿಸುತ್ತಿದ್ದವು. ಅಂದರೆ ಇದು ಸೀರೆಯ ನಿರಿಗೆ ಚೆನ್ನಾಗಿ ಕೂರಲೆಂದು ಮಾಡಿಸುವ ಶಸ್ತ್ರಚಿಕಿತ್ಸೆಯೇ ಹೊರತು ತೂಕ ಇಳಿಸುವ ಚಿಕಿತ್ಸೆ ಅಲ್ಲ.

“ಅವರ ದೇಹ, ಅವರ ಇಷ್ಟ, ನಿಮಗ್ಯಾಕೆ?” ಎಂದು ನೀವು ಕೇಳುವುದು ನನಗೆ ಗೊತ್ತು. ತರಬೇತಿ ಪಡೆದ ಪ್ಲಾಸ್ಟಿಕ್ ಸರ್ಜನ್ನರು ಒಳ್ಳೆಯ ಆಸ್ಪತ್ರೆಗಳಲ್ಲಿ ದಿನನಿತ್ಯ ಇದನ್ನು ಸುರಕ್ಷಿತವಾಗಿ ಮಾಡುತ್ತಾರೆಂಬುದನ್ನೂ ಒಪ್ಪುತ್ತೇನೆ. ಸುಟ್ಟ ಗಾಯದವರ ಮುಖವನ್ನು ಅದೇ ಡಾಕ್ಟರುಗಳು ತಿದ್ದಿ ಕೊಟ್ಟದ್ದನ್ನು ನೋಡಿ ಕೈಮುಗಿದಿದ್ದೇನೆ. ವಿಪರೀತ ಬೊಜ್ಜಿರುವವರಿಗೆ ಜಠರವನ್ನು ಕಿರಿದು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಬೇರೆಯೇ ವಿಷಯ, ಅದು ನಿಜವಾದ ಚಿಕಿತ್ಸೆ. ಆದರೆ ಇಲ್ಲಿ ಇಷ್ಟ ಯಾರದು? ಹುಡುಗಿ ಊಟ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಇಷ್ಟಪಟ್ಟದ್ದು ಸೋದರತ್ತೆ, ಕಂತು ಕಟ್ಟುವುದು ತಂದೆ, ಮೇಜಿನ ಮೇಲೆ ಮಲಗುವುದು ಮಗಳು. ಅಂದಹಾಗೆ, ಭಾರತೀಯ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದು, ಹೆಂಗಸರದು 80 ದಾಟಬಾರದು ಎಂಬ ಮಾನದಂಡವಿದೆ. ಮದುಮಗನ ಶೇರವಾನಿಯ ಗುಂಡಿಗಳು ಪಡುತ್ತಿದ್ದ ಕಷ್ಟವನ್ನು ನೋಡಿದರೆ ಆತ ಯಾವ ಕಡೆ ಇದ್ದಾನೆಂದು ಟೇಪು ಹಿಡಿಯದೆಯೂ ಹೇಳಬಹುದಿತ್ತು. ಆತನ ಬಗ್ಗೆ ಯಾವ ಸೋದರತ್ತೆಯೂ ಮಾತಾಡಲಿಲ್ಲ.

ಇಷ್ಟೆಲ್ಲ ಬುದ್ಧಿ ಹೇಳುವ ನಾನೇನೂ ಸಾಚಾ ಅಲ್ಲ. 2009ರಲ್ಲಿ ತಮ್ಮನ ಮದುವೆಗೆ ಚೆನ್ನಾಗಿ ಕಾಣಬೇಕೆಂದು ಡಬ್ಬಿಯ ಪುಡಿಯೊಂದನ್ನು ನೀರಿಗೆ ಕದಡಿ ಕುಡಿದು, ಊಟವನ್ನೇ ಬಿಟ್ಟು, ಮೂರು ತಿಂಗಳಲ್ಲಿ 14 ಕಿಲೋ ಇಳಿಸಿದೆ. ಎಲ್ಲರೂ ಹೊಗಳಿದರು. ಐದನೆಯ ತಿಂಗಳು ರಾತ್ರಿ ಪಾಳಿಯಲ್ಲಿದ್ದಾಗ ಬಲ ಪಕ್ಕೆಯ ಕೆಳಗೆ ಚಾಕು ತಿರುವಿದಂಥ ನೋವು ಬಂದು, ರೋಗಿಯ ಹಾಸಿಗೆಯ ಪಕ್ಕದಲ್ಲೇ ಕುಸಿದೆ. ಪಿತ್ತಕೋಶದಲ್ಲಿ ಕಲ್ಲು. ತೂಕ ಸರ್ರನೆ ಇಳಿದರೆ ಪಿತ್ತದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚೆಂದು ನಾನೇ ಎಷ್ಟೋ ಮಂದಿಗೆ ಹೇಳಿದ್ದೆ! ಪಿತ್ತಕೋಶ ಹೋಯಿತು. ಎರಡು ವರ್ಷದೊಳಗೆ 14 ಕಿಲೋ ಬಡ್ಡಿ ಸಮೇತ ವಾಪಸ್ ಬಂದಿತು. ನನ್ನನ್ನು ಓಟಿಗೆ ತಳ್ಳುಗಾಡಿಯಲ್ಲಿ ಕರೆದೊಯ್ಯುವಾಗ ನಮ್ಮ ಯಜಮಾನರು ಧೈರ್ಯ ಹೇಳಿದ್ದು ಇದೇ ಮಾತಿನಲ್ಲಿ: “ಸಣ್ಣ ಆಪರೇಷನ್, ಹೆದರಬ್ಯಾಡ.”

ಹುಡುಗಿಯ ಲೆಕ್ಕಕ್ಕೆ ಬರೋಣ. ಎತ್ತರ 158 ಸೆಂಟಿಮೀಟರ್, ತೂಕ 66 ಕಿಲೋ ಎಂದು ತಾಯಿ ಹೇಳಿದರು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಇಪ್ಪತ್ತಾರೂವರೆಯ ಹತ್ತಿರ. ನಮ್ಮ ದೇಶದ ಮಾನದಂಡದಲ್ಲಿ 23ಕ್ಕೆ ಹೆಚ್ಚು ತೂಕ, 25ಕ್ಕೆ ಬೊಜ್ಜು. ಆದ್ದರಿಂದ ತೂಕ ಇಳಿಸಬೇಕಾದ್ದು ಹೌದು. ಆದರೆ ತೂಕದ ಶೇಕಡಾ 5ರಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡಗಳ ಲೆಕ್ಕ ಸುಧಾರಿಸತೊಡಗುತ್ತದೆ. ಆಕೆಗೆ ಅದು ಮೂರು ಕಿಲೋ ಚಿಲ್ಲರೆ. ಮದುವೆಗೆ ಇನ್ನೂ ಐದು ತಿಂಗಳಿದೆ. ವಾರಕ್ಕೆ ಕಾಲು ಕಿಲೋ ಇಳಿದರೂ ಐದು ಕಿಲೋ ಆಗುತ್ತದೆ. ಮೊದಲು ಥೈರಾಯ್ಡ್ ಒಮ್ಮೆ ನೋಡಿಸಲಿ, ಮುಟ್ಟಿನ ಏರುಪೇರಿದ್ದರೆ ಪಿಸಿಒಡಿ ಎಂಬ ಅಂಡಾಶಯದ ತೊಂದರೆಯನ್ನೂ ನೋಡಿಸಲಿ. ಬ್ಯಾಂಕಿನ ಕುರ್ಚಿಯಲ್ಲಿ ಕುಳಿತು ದಿನಕ್ಕೆ ಐದು ಕಪ್ ಚಹಾ ಕುಡಿಯುವ ಹುಡುಗಿ ಅದು. ಕಪ್ಪಿಗೆ ಎರಡು ಚಮಚ ಸಕ್ಕರೆಯೆಂದರೆ 50 ಗ್ರಾಂ, 200 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ದೇಹ ಕಾಗದದ ಲೆಕ್ಕದಂತೆ ನಡೆಯುವುದಿಲ್ಲವಾದರೂ, ಸಕ್ಕರೆಯೊಂದನ್ನೇ ಬಿಟ್ಟರೆ ನಲವತ್ತು ದಿನಕ್ಕೆ ಒಂದು ಕಿಲೋದ ಲೆಕ್ಕ ಅಲ್ಲೇ ಸಿಕ್ಕಿತು.

ನಮ್ಮ ಭಾಗದ ಊಟವೇ ನನ್ನ ಕಣ್ಣೆದುರು ಬದಲಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಭತ್ತದ ಗದ್ದೆ ಮಾಡಿತು. ನಮ್ಮ ಅಜ್ಜಿಯ ಗಂಗಾಳದಲ್ಲಿ ಹಬ್ಬಕ್ಕೆ ಮಾತ್ರ ಬೀಳುತ್ತಿದ್ದ ಅನ್ನ ಮೂರು ಹೊತ್ತೂ ಬೀಳತೊಡಗಿತು. ಹಾಗೆಂದು ಜೋಳದ ರೊಟ್ಟಿಯನ್ನು ಮಂತ್ರದಂತೆ ಜಪಿಸುವವರೂ ಸುಮ್ಮನಿರಬೇಕು. ಜೋಳಕ್ಕೂ ಅಕ್ಕಿಗೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಜೋಳದಲ್ಲಿ ನಾರು ಹಲವು ಪಟ್ಟು ಹೆಚ್ಚು, ರೊಟ್ಟಿಯನ್ನು ಅಗಿಯಲು ಹೊತ್ತು ಬೇಕು, ಎರಡಕ್ಕೆ ಹೊಟ್ಟೆ ತುಂಬುತ್ತದೆ. ಅದರ ಗುಣ ಇಷ್ಟೇ. ಎರಡು ರೊಟ್ಟಿ, ಪುಂಡಿಪಲ್ಯ, ಮಡಿಕೆಕಾಳು, ಮಜ್ಜಿಗೆ ಇದ್ದರೆ ಸಾಕು. ಶೇಂಗಾ ಹಿಂಡಿಯ (ಚಟ್ನಿಪುಡಿಯ) ಮೇಲೆ ಸುರಿಯುವ ಎಣ್ಣೆಯನ್ನು ಚಮಚದಲ್ಲಿ ಅಳೆಯಬೇಕು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಾನುವಾರಕ್ಕಿರಲಿ, ದಿನಾ ಬೇಡ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು. ನಮ್ಮ ಬಿಸಿಲಿಗೆ ಬೆಳಗಿನ ಐದೂವರೆಯೇ ಸರಿ. ವಾರದಲ್ಲಿ ಎರಡು ದಿನ ಬೈಠಕ್ ಹೊಡೆಯಲಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಾನು ಎರಡನೆಯ ಸಲ ಹೀಗೆಯೇ 9 ಕಿಲೋ ಇಳಿಸಿದೆ. ಒಂದೂವರೆ ವರ್ಷ ಹಿಡಿಯಿತು, ಯಾರೂ ಹೊಗಳಲಿಲ್ಲ, ತೂಕವೂ ವಾಪಸ್ ಬರಲಿಲ್ಲ.

2025ರಿಂದ ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ ಬಂದಿದೆಯಲ್ಲ ಎಂದು ಕೇಳುವವರಿಗೆ: ಅದು ಡಾಕ್ಟರು ಬರೆದುಕೊಟ್ಟು, ಎದುರಿಗೆ ಕೂರಿಸಿಕೊಂಡು ನೋಡಿಕೊಳ್ಳಬೇಕಾದ ಔಷಧ. ಬಿಟ್ಟರೆ ತೂಕ ಮರಳುವುದೇ ಹೆಚ್ಚು.

ಇವತ್ತು ಬೆಳಿಗ್ಗೆ ಆ ತಾಯಿಗೆ ಫೋನು ಮಾಡಿದೆ. ಹೈದರಾಬಾದಿಗೆ ಹೋಗಿಯೇ ಹೋಗುತ್ತೇವೆ ಎಂದರು. ಹೋಗಲಿ. ಆದರೆ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ ಎಂದೆ. ಆಪರೇಷನ್ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಎಂಬ ತಜ್ಞ ಪದವಿ ಮಾಡಿದ್ದಾರೆಯೇ, ಅರಿವಳಿಕೆ ಕೊಡುವವರ ಹೆಸರೇನು, ಅದೇ ಕಟ್ಟಡದಲ್ಲಿ ಐಸಿಯು ಇದೆಯೇ, ಎಷ್ಟು ಲೀಟರ್ ತೆಗೆಯುತ್ತಾರೆ, ಸುಮಾರು 200 ಕಿಲೋಮೀಟರ್ ಕಾಲು ಮಡಿಚಿ ಕುಳಿತು ಊರಿಗೆ ಬಂದವಳಿಗೆ ಸೋಮವಾರ ರಾತ್ರಿ ಎರಡು ಗಂಟೆಗೆ ಏದುಸಿರು ಬಂದರೆ ರಾಯಚೂರಿನಲ್ಲಿ ನೋಡುವವರು ಯಾರು. ಇವಿಷ್ಟಕ್ಕೂ ಅವರು “ಅಮ್ಮಾ, ಇದು ಸಣ್ಣ ಆಪರೇಷನ್” ಎಂದು ಉತ್ತರಿಸಿದರೆ, ಮಗಳ ಕೈ ಹಿಡಿದು ಎದ್ದು ಮುಂದಿನ ಬಸ್ಸಿಗೆ ವಾಪಸ್ ಬನ್ನಿ, ಟಿಕೆಟಿನ ದುಡ್ಡು ನಾನು ಕೊಡುತ್ತೇನೆ ಎಂದಿದ್ದೇನೆ.