‘ಇಷ್ಟು ಒಳ್ಳೆಯ ಕನ್ನಡ ಎಲ್ಲಿ ಕಲಿತಿರಿ?’

ನಿನ್ನೆ ರಾತ್ರಿ ಮೈಸೂರಿಗೆ ಬಂದು ತಲುಪಿದೆ. ಬಟ್ಟೆಯ ಚೀಲವನ್ನು ಇನ್ನೂ ಬಿಚ್ಚಿಲ್ಲ. ಬೆಳಿಗ್ಗೆ ಎದ್ದು ಕಾಫಿ ಕುಡಿದವಳೇ ಇದನ್ನು ಬರೆಯಲು ಕುಳಿತಿದ್ದೇನೆ. ಬೀದರಿನಲ್ಲಿ ಕೇಳಿದ ಒಂದು ಮಾತು ನಾಲ್ಕು ದಿನಗಳಿಂದ ಗಂಟಲಿನಲ್ಲಿ ಮುಳ್ಳಿನಂತೆ ಕುಳಿತಿದೆ.

ಹಳೆಯ ಊರಿನ ಓಣಿಯೊಂದರಲ್ಲಿ ಬಿದರಿ ಕೆಲಸದ ಸಣ್ಣ ಅಂಗಡಿ. ನಮ್ಮದು ಹದಿನಾಲ್ಕು ಜನರ ಪ್ರವಾಸದ ಗುಂಪು. ಒಳಗೆ ಅಷ್ಟು ಜನರಿಗೆ ಜಾಗವಿಲ್ಲದೆ ಅರ್ಧ ಜನ ಹೊಸ್ತಿಲಿನಲ್ಲೇ ನಿಂತಿದ್ದೆವು. ಐವತ್ತು ದಾಟಿದ ಕುಶಲಕರ್ಮಿ ಹೂಜಿಯೊಂದನ್ನು ಕಾಲುಗಳ ನಡುವೆ ಒತ್ತಿ ಹಿಡಿದು, ಉಳಿಯಿಂದ ಬಳ್ಳಿಯ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಕೂರಿಸಿ ಮೆಲ್ಲಗೆ ತಟ್ಟುತ್ತಿದ್ದರು. ಕೈ ನಿಲ್ಲಿಸದೆಯೇ ನಮಗೆ ಎಲ್ಲವನ್ನೂ ವಿವರಿಸುತ್ತಿದ್ದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಕೆಲಸವೆಲ್ಲ ಮುಗಿದ ಮೇಲೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕುದಿಸಿ, ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಎಲ್ಲ ಮಣ್ಣೂ ಆಗುವುದಿಲ್ಲ, ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಬೇಕು, ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತೇವೆ ಎಂದರು. ಎಲ್ಲವನ್ನೂ ಹೇಳಿದ್ದು ಕನ್ನಡದಲ್ಲಿ. ಸ್ಪಷ್ಟವಾದ, ತೂಕವಾದ, ಒಂದು ಪದವೂ ಹೆಚ್ಚಿಲ್ಲದ ಕನ್ನಡ.

ಆಗ ನಮ್ಮ ಗುಂಪಿನ ಒಬ್ಬರು, ಗೋಡೆಯ ಮೇಲಿದ್ದ ಉರ್ದು ಕ್ಯಾಲೆಂಡರನ್ನು ನೋಡಿ, ಮತ್ತೆ ಅವರ ಮುಖ ನೋಡಿ, ತುಂಬ ಮೆಚ್ಚುಗೆಯಿಂದ ಕೇಳಿದರು: ‘ಪರವಾಗಿಲ್ಲವೇ, ಇಷ್ಟು ಒಳ್ಳೆಯ ಕನ್ನಡ ಎಲ್ಲಿ ಕಲಿತಿರಿ?’

ಅವರು ತಲೆ ಎತ್ತಲಿಲ್ಲ. ‘ಇಲ್ಲೇ ರೀ, ಓಣಿಯಲ್ಲಿ’ ಎಂದರು. ಸುತ್ತಿಗೆಯ ಸದ್ದು ನಿಲ್ಲಲಿಲ್ಲ. ಆದರೆ ಅದರ ನಂತರ ಅವರು ವಿವರಣೆ ಕೊಡುವುದನ್ನು ನಿಲ್ಲಿಸಿದರು. ಬೆಲೆ ಕೇಳಿದವರಿಗೆ ಬೆಲೆ ಹೇಳಿದರು, ಅಷ್ಟೇ.

ನನಗೆ ಮುಖ ಬಿಸಿಯಾಯಿತು. ಈಗಲೂ ಆಗುತ್ತಿದೆ. ಬೀದರಿನಲ್ಲಿ ಹುಟ್ಟಿ, ಬೀದರಿನಲ್ಲಿ ಬೆಳೆದು, ಅಲ್ಲಿನ ಕೋಟೆಯ ಮಣ್ಣಿನ ರುಚಿಯನ್ನು ನಾಲಿಗೆಯಿಂದಲೇ ಬಲ್ಲ ಮನುಷ್ಯನಿಗೆ, ಸುಮಾರು ಎಂಟುನೂರು ಕಿಲೋಮೀಟರ್ ದೂರದಿಂದ ಮೊನ್ನೆ ಬಂದಿಳಿದ ನಾವು ಕನ್ನಡದ ಸರ್ಟಿಫಿಕೇಟ್ ಕೊಡುತ್ತಿದ್ದೇವೆ! ಯಾರು ಕೊಟ್ಟರು ನಮಗೆ ಆ ಅಧಿಕಾರವನ್ನು?

ನಾನು ಯಾರು, ಎಲ್ಲಿಯವಳು ಎಂಬುದು ನಿಮಗೆಲ್ಲ ಗೊತ್ತಿದೆ. ಅಗ್ರಹಾರದಲ್ಲಿ ಹುಟ್ಟಿದವಳು, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ಒಂಬತ್ತನೆಯ ಶತಮಾನದಲ್ಲೇ ನಮ್ಮ ಹಿರಿಯರು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದ್ದರು ಎಂಬುದನ್ನು ಪ್ರತಿ ವರ್ಷ ಎದೆಯುಬ್ಬಿಸಿ ಕಲಿಸಿದ್ದೇನೆ. ಕಾವೇರಿಯನ್ನು ಸಾವಿರ ಸಲ ನೋಡಿದ್ದೇನೆ. ತುಂಗಭದ್ರೆಯನ್ನು ದಾಟಿದ್ದು ಅರವತ್ಮೂರನೆಯ ವಯಸ್ಸಿನಲ್ಲಿ, ಇದೇ ಮೊದಲ ಸಲ. ಬೀದರ್ ಜಿಲ್ಲೆಯ ಮಾಂಜ್ರಾ ನದಿ ಹೋಗಿ ಸೇರುವುದು ಅದೇ ಗೋದಾವರಿಯನ್ನು. ಅಂದರೆ ನಾನು ಪಾಠದಲ್ಲಿ ಹೇಳುತ್ತಿದ್ದ ಎಲ್ಲೆಯ ಹತ್ತಿರ ಇರುವವರು ಇವರು, ಆ ಎಲ್ಲೆಯನ್ನು ಕಾದವರು ಇವರು. ಇವರನ್ನು ನಾವು ‘ಎಲ್ಲಿ ಕಲಿತಿರಿ’ ಎಂದು ಕೇಳುತ್ತೇವೆ.

ಕಾದವರು ಎಂಬ ಮಾತನ್ನು ಉತ್ಪ್ರೇಕ್ಷೆಗಾಗಿ ಬಳಸುತ್ತಿಲ್ಲ. ಮೈಸೂರಿನಲ್ಲಿ ನಮಗೆ ಕನ್ನಡ ಕಲಿಯುವುದಕ್ಕೆ ಅರಸರ ಬೆಂಬಲವಿತ್ತು, ಶಾಲೆಗಳಿದ್ದವು, ಮುದ್ರಣಾಲಯಗಳಿದ್ದವು. ಬೀದರ್ ನಿಜಾಮರ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ಕಲಿಕೆಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಆ ಕಾಲದಲ್ಲಿ ಭಾಲ್ಕಿಯ ಮಠದ ಸ್ವಾಮಿಗಳಾದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಇದನ್ನು ಅಲ್ಲಿನ ಜನ ಇಂದಿಗೂ ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳುತ್ತಾರೆ. 1947ರ ಆಗಸ್ಟ್ 15ರಂದು ದೇಶಕ್ಕೆಲ್ಲ ಬಂದ ಸ್ವಾತಂತ್ರ್ಯ ಅವರಿಗೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. 1956ರಲ್ಲಿ ನಮ್ಮೊಡನೆ ಸೇರುವಾಗ ಅವರ ಜಿಲ್ಲೆಯನ್ನೇ ಹರಿದು ಹಂಚಲಾಯಿತು. ಉದ್ಗೀರ್, ನಿಲಂಗಾ ಒಂದು ಕಡೆಗೆ ಹೋದವು, ಜಹೀರಾಬಾದ್, ನಾರಾಯಣಖೇಡ ಇನ್ನೊಂದು ಕಡೆಗೆ. ಹೆಣ್ಣು ಕೊಟ್ಟ ಮನೆ, ತಂದ ಮನೆಗಳು ಬೇರೆ ಬೇರೆ ರಾಜ್ಯಗಳಲ್ಲಿ ಉಳಿದವು. ಇಷ್ಟೆಲ್ಲದರ ನಡುವೆಯೂ ಆ ಓಣಿಗಳಲ್ಲಿ ಕನ್ನಡ ಉಳಿಯಿತು. ಉರ್ದು ಮನೆಮಾತಿನವರೂ ಅದನ್ನು ಆಡಿದರು, ಮರಾಠಿ ಮನೆಮಾತಿನವರೂ ಆಡಿದರು. ನಾವು ಏನನ್ನೂ ಕಳೆದುಕೊಳ್ಳದೆ ಉಳಿಸಿಕೊಂಡವರು. ಅವರು ಕಷ್ಟಪಟ್ಟು ಉಳಿಸಿಕೊಂಡವರು.

ಆ ಮಾತನ್ನು ಆಡಿದವರ ಮೇಲೆ ಮಾತ್ರ ಹರಿಹಾಯುವುದು ಅನ್ಯಾಯವಾಗುತ್ತದೆ. ಏಕೆಂದರೆ ಅದಕ್ಕೂ ಹಿಂದಿನ ಸಂಜೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು.

ನಾವು ಬಂದಿಳಿದ ಮೊದಲ ಸಂಜೆ ಗುಂಪಿನವರೆಲ್ಲ ವಸತಿಗೃಹದಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗವಾನನ ಮದರಸಾವನ್ನು ಸಂಜೆಯ ಬೆಳಕಿನಲ್ಲಿ ನೋಡಬೇಕೆಂಬ ಆಸೆಯಿಂದ ನಾನೊಬ್ಬಳೇ ಹೊರಟೆ. ಬೀದಿಗೆ ಇಳಿದ ಕೂಡಲೇ ಏನೋ ಒಂದು ಅಳುಕು ಹಿಡಿದುಕೊಂಡಿತು. ಸುತ್ತ ದಖನಿ ಉರ್ದು, ನಡುನಡುವೆ ಮರಾಠಿ, ತೆಲುಗು. ಅಂಗಡಿಯ ಫಲಕಗಳ ಮೇಲೆ ನನಗೆ ಓದಲು ಬಾರದ ಲಿಪಿ. ನನ್ನ ಸೀರೆ ಉಟ್ಟ ರೀತಿ, ಮಲ್ಲಿಗೆ ಮುಡಿದ ರೀತಿ ಎಲ್ಲವೂ ‘ಇವಳು ಇಲ್ಲಿಯವಳಲ್ಲ’ ಎಂದು ಕೂಗಿ ಹೇಳುತ್ತಿದೆ ಅನ್ನಿಸಿತು. ನನ್ನದೇ ರಾಜ್ಯದಲ್ಲಿ ನಾನು ಪರಕೀಯಳಾಗಿದ್ದೆ. ಆ ಅಳುಕಿನಲ್ಲೇ ಆಟೋ ನಿಲ್ಲಿಸಿ, ನನಗೆ ಗೊತ್ತಿರುವ ಮುರುಕು ಹಿಂದಿಯಲ್ಲಿ ‘ಕಿತನಾ ಲೇಗಾ’ ಎಂದು ಕೇಳಿದೆ. ಆಟೋದ ಹಣೆಯ ಮೇಲೆ ಬಸವಣ್ಣನವರ ಚಿತ್ರವಿತ್ತು. ಚಾಲಕನ ಹಣೆಯ ಮೇಲೆ ವಿಭೂತಿಯಿತ್ತು. ಇದ್ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅವರು ಒಂದು ಕ್ಷಣ ನನ್ನನ್ನು ನೋಡಿ, ‘ಕುಳಿತುಕೊಳ್ಳಿರಿ ತಾಯಿ, ಹತ್ತಿರವೇ ಇದೆ, ಇಪ್ಪತ್ತು ರೂಪಾಯಿ ಕೊಡಿರಿ’ ಎಂದು ಕನ್ನಡದಲ್ಲಿ ಹೇಳಿದರು. ನಾನು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಅವರೇ ಕೇಳಿದರು, ಯಾವ ಊರು ಎಂದು. ಮೈಸೂರು ಎಂದೆ. ‘ಮೈಸೂರಿನವರು ನಮ್ಮ ಜೊತೆ ಹಿಂದಿ ಏಕೆ ಮಾತನಾಡುತ್ತೀರಿ?’ ಅಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವರಿಗೆ. ನನ್ನ ಬಳಿ ಉತ್ತರವಿರಲಿಲ್ಲ.

ಮದರಸಾದ ಎದುರು ಬಹಳ ಹೊತ್ತು ಕುಳಿತಿದ್ದೆ. 1472ರ ಕಟ್ಟಡ. ಸ್ಫೋಟದಲ್ಲಿ ಒಂದು ಪಾರ್ಶ್ವ ಕುಸಿದುಹೋಗಿ, ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಅದನ್ನು ಕಟ್ಟಿಸಿದವನು ಇರಾನಿನ ಗೀಲಾನದಿಂದ ಬಂದವನು. ಅಷ್ಟು ದೂರದಿಂದ ಬಂದವನು ಈ ಊರನ್ನು ತನ್ನದು ಅಂದುಕೊಂಡ. ಒಂದೇ ರಾಜ್ಯದ ಒಳಗಿನಿಂದ ಬಂದ ನನಗೆ ಅದು ಆಗಲಿಲ್ಲ.

ಗುಂಪಿನಲ್ಲಿ ಈ ವಿಷಯ ಎತ್ತಿದಾಗ ಒಬ್ಬರು ಹೇಳಿದರು, ‘ಬಿಡಿ, ಅವರು ಕೇಳಿದ್ದು ಮೆಚ್ಚುಗೆಯಿಂದ ತಾನೇ? ಇಲ್ಲಿನ ಪೇಟೆಯಲ್ಲಿ ಕಿವಿಗೆ ಬೀಳುವುದು ಉರ್ದುವೇ. ಕನ್ನಡ ಕೇಳಿದಾಗ ಆಶ್ಚರ್ಯವಾಗುವುದು ಸಹಜ.’ ಆಶ್ಚರ್ಯ ಸಹಜವೇ ಇರಬಹುದು. ಆದರೆ ಆ ಆಶ್ಚರ್ಯ ನಮ್ಮ ಅಜ್ಞಾನದ ಬಗ್ಗೆ ಆಗಬೇಕಿತ್ತು, ಅವರ ಜ್ಞಾನದ ಬಗ್ಗೆ ಅಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲೂ ಉರ್ದು ಕೇಳಿಸುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಅಳೆದು ಕೊಡುವವರ ಬಳಿ ಬೀದರಿನವರೊಬ್ಬರು ಬಂದು ‘ನಿಮ್ಮ ಕನ್ನಡ ಪರವಾಗಿಲ್ಲ, ಎಲ್ಲಿ ಕಲಿತಿರಿ’ ಎಂದು ಕೇಳಿದರೆ ಮಾರುಕಟ್ಟೆಯೇ ಎದ್ದು ನಿಲ್ಲುತ್ತದೆ. ನಮಗೆ ನೋವಾಗುವ ಮಾತು ಅವರಿಗೆ ಮಾತ್ರ ಮೆಚ್ಚುಗೆ ಹೇಗಾಗುತ್ತದೆ?

ಇನ್ನೊಬ್ಬರ ದೂರು ಬೇರೆ: ‘ಇಲ್ಲಿನ ಜನ ನಮ್ಮ ಜೊತೆ ಬೆರೆಯುವುದೇ ಇಲ್ಲ.’ ಹೇಗೆ ಬೆರೆಯಬೇಕು? ನಮ್ಮ ಗುಂಪಿನ ಜೊತೆ ನಮ್ಮದೇ ಅಡುಗೆಯವರು ಬಂದಿದ್ದರು. ಬೆಳಿಗ್ಗೆ ನಮ್ಮದೇ ಉಪ್ಪಿಟ್ಟು, ಮಧ್ಯಾಹ್ನ ನಮ್ಮದೇ ಪುಳಿಯೋಗರೆ, ರಾತ್ರಿ ನಮ್ಮದೇ ಸಾರು. ಮೂರು ದಿನ ಒಬ್ಬರೂ ಅಲ್ಲಿನ ಜೋಳದ ರೊಟ್ಟಿಯನ್ನು, ಪುಂಡಿ ಪಲ್ಲೆಯನ್ನು ಬಾಯಿಗಿಟ್ಟಿರಲಿಲ್ಲ. ಕೋಟೆ ನೋಡಿದೆವು, ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಸಮಾಧಿಗಳನ್ನು ನೋಡಿದೆವು, ಫೋಟೋ ತೆಗೆದೆವು, ವಾಹನ ಹತ್ತಿದೆವು. ಕದ ಮುಚ್ಚಿಕೊಂಡು ಒಳಗೆ ಕುಳಿತವರು ಯಾರೂ ಬಾಗಿಲು ತಟ್ಟಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಆದರೂ ಅವರು ಬಾಗಿಲು ತಟ್ಟಿದರು. ಅದನ್ನು ಹೇಳಲೇಬೇಕು.

ಮೂರನೆಯ ದಿನ ಎಳ್ಳ ಅಮಾವಾಸ್ಯೆ, ಹೊಲಕ್ಕೇ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುವ ಹಬ್ಬ. ಬಸವಕಲ್ಯಾಣಕ್ಕೆ ಹೊರಟಿದ್ದೆವು. ಊರುಗಳೆಲ್ಲ ಬೀಗ ಹಾಕಿದಂತೆ ಬಿಕೋ ಅನ್ನುತ್ತಿದ್ದವು, ಹೊಲಗಳಲ್ಲಿ ಮಾತ್ರ ಜಾತ್ರೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಮೋಟಾರ್ ಸೈಕಲ್ಲುಗಳಲ್ಲಿ ಬುಟ್ಟಿ ಹೊತ್ತು ಜನ ಹೊಲಕ್ಕೆ ಬಂದಿದ್ದರು. ಹುಮನಾಬಾದ್ ದಾಟಿ ಸ್ವಲ್ಪ ದೂರ ಹೋದ ಮೇಲೆ ನಮ್ಮ ವಾಹನದ ಚಕ್ರ ಪಂಕ್ಚರ್ ಆಯಿತು. ರಸ್ತೆಯ ಪಕ್ಕದ ಹೊಲದಿಂದ ಒಬ್ಬ ಹಿರಿಯ ಹೆಂಗಸು ಕೈ ಬೀಸಿ ಕರೆದರು. ಎಲ್ಲರೂ ಬನ್ನಿರಿ, ಊಟ ಮಾಡಿರಿ ಎಂದು. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊತ್ತಿಲ್ಲದವರು, ಯಾವ ನೀರೋ, ಯಾವ ಎಣ್ಣೆಯೋ ಎಂದರು. ಕೊನೆಗೆ ಇಳಿದು ಹೋದವರು ನಾನು ಮತ್ತು ಬಿದರಿ ಅಂಗಡಿಯಲ್ಲಿ ಆ ಪ್ರಶ್ನೆ ಕೇಳಿದ್ದ ಅವರು, ಇಬ್ಬರೇ. ಅವರು ಇಳಿದು ಬಂದದ್ದನ್ನು ನಾನು ಮರೆಯುವುದಿಲ್ಲ.

ಜೋಳದ ದಂಟಿನಿಂದ ಕಟ್ಟಿದ ಸಣ್ಣ ಕೊಂಪೆ. ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳು, ಪಾಂಡವರು. ಪೂಜೆ ಆಗಲೇ ಮುಗಿದಿತ್ತು. ಇಬ್ಬರು ಗಂಡಸರು ಹೊಲದ ಸುತ್ತ ಕೂಗುತ್ತಾ ಚರಗ ಚೆಲ್ಲುತ್ತಿದ್ದರು, ಅಂದರೆ ಎಡೆಯ ಅಡುಗೆಯನ್ನು ಬೆಳೆಯ ಮೇಲೆ ಎರಚುತ್ತಿದ್ದರು. ನಮ್ಮನ್ನು ಕಂಬಳಿಯ ಮೇಲೆ ಕೂರಿಸಿ ತಾಟು ಕೊಟ್ಟರು. ಭಜ್ಜಿ ಎಂದರೆ ನನಗೆ ಎಣ್ಣೆಯಲ್ಲಿ ಕರಿದ ಬಜ್ಜಿ ಮಾತ್ರ ಗೊತ್ತಿತ್ತು. ಇದು ಹಸಿ ತೊಗರಿ, ಅವರೆ, ಕಡಲೆಯ ಎಳೆ ಕಾಳು, ಶೇಂಗಾ, ಬದನೆ, ಮೆಂತ್ಯ, ಹೊಲದಲ್ಲಿ ಸಿಕ್ಕಿದ್ದನ್ನೆಲ್ಲ ಹುಣಸೆ ಹುಳಿ, ಕಡಲೆ ಹಿಟ್ಟು ಸೇರಿಸಿ ಕುದಿಸಿದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಜೋಳದ ಅಂಬಲಿ. ಕೈ ತೊಳೆಯುವ ತನಕ ತಾಟು ಖಾಲಿಯಾಗಲು ಅವರು ಬಿಡಲಿಲ್ಲ.

ಮಾತು ಬೆಳೆಯಿತು. ಆ ತಾಯಿ ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡುತ್ತಿದ್ದು, ‘ನಿಮ್ಮ ಕನ್ನಡ ರೇಡಿಯೋದ ಹಾಗಿದೆ, ಅರ್ಧ ತಿಳಿಯುತ್ತದೆ’ ಅಂದರು. ಎಷ್ಟು ಸಹಜವಾಗಿ ಅಂದರು! ನನ್ನ ಕನ್ನಡ ಅವರಿಗೆ ತಪ್ಪು ಕನ್ನಡವಲ್ಲ, ಸರಿ ಕನ್ನಡವೂ ಅಲ್ಲ. ಬೇರೆ ಊರಿನ ಕನ್ನಡ, ಅಷ್ಟೇ. ನಾನು ಏನು ಮಾಡಿಕೊಂಡಿದ್ದೆ ಎಂದು ಕೇಳಿದರು. ಶಾಲೆಯಲ್ಲಿ ಕಲಿಸುತ್ತಿದ್ದೆ ಎಂದೆ. ಅವರ ಮುಖ ಅರಳಿತು. ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು, ‘ಹಾಗಾದರೆ ಇದನ್ನೂ ತಿನ್ನಬೇಕು ಅಕ್ಕೋರೇ’ ಎಂದು ತಾಟಿಗೆ ಹಾಕಿದರು.

ಅಕ್ಕೋರೇ. ಆ ಪದ ಕಿವಿಗೆ ಬಿದ್ದ ಕೂಡಲೇ ನನ್ನ ಕೈ ನಿಂತುಹೋಯಿತು.

ತೊಂಬತ್ತರ ದಶಕದ ಕೊನೆಯಲ್ಲಿ, ವರ್ಷದ ನಡುವೆ, ಒಂದು ಹುಡುಗಿ ನನ್ನ ಒಂಬತ್ತನೆಯ ತರಗತಿಗೆ ಬಂದು ಸೇರಿದಳು. ತಂದೆಗೆ ಕಲಬುರಗಿ ಕಡೆಯಿಂದ ಮೈಸೂರಿಗೆ ವರ್ಗವಾಗಿತ್ತು. ಮೊದಲ ದಿನ ಎದ್ದು ನಿಂತು ಗಟ್ಟಿಯಾದ ದನಿಯಲ್ಲಿ ‘ಅಕ್ಕೋರೇ’ ಎಂದು ನನ್ನನ್ನು ಕರೆದಳು. ಅವಳ ಸೀಮೆಯಲ್ಲಿ ಶಿಕ್ಷಕಿಯನ್ನು ಕರೆಯುವುದೇ ಹಾಗೆ. ತರಗತಿ ಇಡೀ ನಕ್ಕಿತು. ನಾನೂ ನಕ್ಕೆ. ‘ಇಲ್ಲಿ ಹಾಗೆಲ್ಲ ಕರೆಯುವುದಿಲ್ಲ, ಮಿಸ್ ಅನ್ನಬೇಕು’ ಎಂದೆ. ಕನ್ನಡ ಕಲಿಸಲು ಸಂಬಳ ಪಡೆಯುತ್ತಿದ್ದ ನಾನು, ಅಕ್ಕ ಎಂಬ ಪ್ರೀತಿ ಇಟ್ಟುಕೊಂಡಿದ್ದ ಕನ್ನಡದ ಪದವನ್ನು ಮಗುವಿನ ಬಾಯಿಂದ ಕಿತ್ತು, ಇಂಗ್ಲಿಷಿನ ಪದವನ್ನು ಇಟ್ಟೆ. ಮುಂದೆ ಅವಳ ಪ್ರಬಂಧದಲ್ಲಿ ‘ಉಳ್ಳಾಗಡ್ಡಿ’ ಎಂದಿದ್ದಲ್ಲಿ ಕೆಂಪು ಗೆರೆ ಎಳೆದು ‘ಈರುಳ್ಳಿ’ ಎಂದು ಬರೆದೆ. ‘ಖೋಲಿ’ ಹೊಡೆದು ‘ಕೋಣೆ’ ಮಾಡಿದೆ. ವರ್ಷದ ಕೊನೆಯ ಹೊತ್ತಿಗೆ ಅವಳ ಬರಹದಲ್ಲಿ ಒಂದೂ ಕೆಂಪು ಗೆರೆ ಬೀಳುತ್ತಿರಲಿಲ್ಲ. ಅವಳು ಕೈ ಎತ್ತಿ ಪ್ರಶ್ನೆ ಕೇಳುವುದನ್ನೂ ಬಿಟ್ಟಿದ್ದಳು. ತಿದ್ದಿಕೊಂಡಳು ಎಂದು ನಾನು ಹೆಮ್ಮೆಪಟ್ಟಿದ್ದೆ, ಸಿಬ್ಬಂದಿ ಕೊಠಡಿಯಲ್ಲಿ ಹೇಳಿಕೊಂಡಿದ್ದೆ.

ಒಂದು ಸಂಜೆ, ಓದಲು ಬಾರದ ಫಲಕಗಳ ನಡುವೆ ನಿಂತು ನಾನು ಪಟ್ಟ ಅಳುಕನ್ನು ಆ ಹುಡುಗಿ ದಿನವೂ ಪಟ್ಟಿದ್ದಾಳೆ. ನನಗೆ ಬೀದರಿನಲ್ಲಿ ಯಾರೂ ನಗಲಿಲ್ಲ. ಹತ್ತಿರವೇ ಇದೆ, ಕುಳಿತುಕೊಳ್ಳಿರಿ ತಾಯಿ ಎಂದರು. ಅವಳಿಗೆ ಮೈಸೂರಿನಲ್ಲಿ ಆ ಮಾತನ್ನು ಹೇಳಬೇಕಾಗಿದ್ದವಳು ನಾನು.

ಚಕ್ರ ಸರಿಯಾಗಿ ವಾಹನ ಹಾರ್ನ್ ಮಾಡುವ ತನಕ ಹೊಲದಲ್ಲೇ ಇದ್ದೆವು. ನನ್ನ ಜೊತೆ ಬಂದಿದ್ದವರು ಆ ತಾಯಿಯ ಹತ್ತಿರ ಭಜ್ಜಿ ಮಾಡುವ ಬಗೆಯನ್ನು ಕೇಳಿ ಬರೆದುಕೊಂಡರು. ಅವರ ಚೀಟಿಯಲ್ಲಿ ‘ಉಳ್ಳಾಗಡ್ಡಿ ತಪ್ಪಲು’ ಎಂದೇ ಇತ್ತು, ತಿದ್ದಿರಲಿಲ್ಲ. ಬಸವಕಲ್ಯಾಣದಲ್ಲಿ ಆ ದಿನ ನಾನು ಏನು ನೋಡಿದೆ ಎಂದು ಕೇಳಬೇಡಿ, ಮನಸ್ಸು ಅಲ್ಲಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ವಚನಗಳು ಮೊಳಗಿದ ಊರಿನ ಬೀದಿಯಲ್ಲಿ ನಡೆಯುತ್ತಾ, ಆ ಹುಡುಗಿ ಕುಳಿತುಕೊಳ್ಳುತ್ತಿದ್ದದ್ದು ಕಿಟಕಿಯ ಪಕ್ಕದ ಮೂರನೆಯ ಬೆಂಚಿನಲ್ಲೋ ನಾಲ್ಕನೆಯದರಲ್ಲೋ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ.

ಆ ವರ್ಷದ ಒಂಬತ್ತನೆಯ ತರಗತಿಯ ಕೆಲವರು ಇಲ್ಲಿ ನನ್ನ ಸ್ನೇಹಿತರ ಪಟ್ಟಿಯಲ್ಲಿದ್ದೀರಿ. ಅವಳ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ, ಆದರೆ ಯಾರೆಂದು ನಿಮಗೆ ಗೊತ್ತಾಗಿರುತ್ತದೆ. ಈಗ ಅವಳಿಗೂ ನಲವತ್ತು ದಾಟಿರಬೇಕು. ಯಾರಿಗಾದರೂ ಅವಳ ಸಂಪರ್ಕವಿದ್ದರೆ ನನ್ನ ನಂಬರನ್ನು ಅವಳಿಗೆ ಕೊಡಿ. ಕರೆ ಮಾಡಬೇಕೆಂದು ಒತ್ತಾಯ ಮಾಡಬೇಡಿ. ಅಕ್ಕೋರು ಕೇಳಿದರು ಎಂದು ಹೇಳಿ.