ಒಂದೂವರೆ ಇಂಚಿನ ಬಾಗಿಲು

ಮಗಳ ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ಅಮೆರಿಕಕ್ಕೆ ಹೋಗುತ್ತಿದ್ದೇವೆ ಅಂತ ಹಾಸನದಲ್ಲಿ ನಮ್ಮ ಬೀದಿಯವರಿಗೆಲ್ಲ ಹೇಳಿದ್ದೆ. ಹೋಗಿ ಮೂರು ದಿನಕ್ಕೆ ಗೊತ್ತಾಯಿತು, ಬಾಣಂತನಕ್ಕೆ ಹೋಗಿದ್ದವಳು ನನ್ನ ಹೆಂಡತಿ. ನಾನು ಅವಳ ಲಗೇಜು. ಅಂಟು, ಒಣಕೊಬ್ಬರಿ, ಬಜೆ, ಓಮ, ಹಳೇ ಕಾಟನ್ ಸೀರೆಗಳು, ಇವುಗಳ ಜೊತೆ ನಾನೂ ಒಂದು ಐಟಂ. ಅವಕ್ಕೆಲ್ಲ ಬಂದ ದಿನದಿಂದಲೇ ಕೆಲಸ ಸಿಕ್ಕಿತು. ನನಗೆ ಸಿಗಲಿಲ್ಲ.

"ರೀ, ಅಡ್ಡ ನಿಂತ್ಕೋಬೇಡಿ" ಅನ್ನುವ ಮಾತು ದಿನಕ್ಕೆ ಹತ್ತು ಸಲ ಕೇಳಿಬರುತ್ತಿತ್ತು. ಹೊರಗೆ ಹೋಗೋಣ ಅಂದರೆ ಮಾತಾಡಿಸಲು ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಊರು ನಾರ್ತ್ ಕ್ಯಾರೊಲಿನಾದ ಕ್ಯಾರಿ. ಮಾರ್ಚ್ ಕೊನೆ. ಎಲ್ಲಿ ನೋಡಿದರೂ ಪೈನ್ ಮರ, ಅವುಗಳ ಪರಾಗ ಉದುರಿ ಕಾರು, ಮೆಟ್ಟಿಲು, ಕುರ್ಚಿ ಎಲ್ಲ ಅರಿಶಿನ ಮೆತ್ತಿಕೊಂಡಂತಿದ್ದವು. ಊರಿಗೇ ಯಾರೋ ಎಣ್ಣೆಶಾಸ್ತ್ರ ಮಾಡಿಸಿ ಮರೆತುಹೋದ ಹಾಗೆ.

ಉಳಿದದ್ದು ಹಿತ್ತಲು. ಹಿತ್ತಲು ಅಂದರೆ ನಮಗೆ ಒಗೆಯುವ ಕಲ್ಲು, ಕರಿಬೇವಿನ ಗಿಡ, ಎರಡು ಬಾಳೆ, ಮುರಿದ ಬಕೆಟ್ಟು. ಅಲ್ಲಿ ಬರೀ ಹುಲ್ಲು. ನಡುವೆ ಒಂದು ಕಬ್ಬಿಣದ ಕಂಬ, ಕಂಬದ ಮೇಲೆ ಮರದ ಡಬ್ಬ.

"ಪೋಸ್ಟ್‌ಮ್ಯಾನ್ ಹಿತ್ತಲಿಗೂ ಬರ್ತಾನಾ?" ಅಂದೆ.

ಅಳಿಯಂದಿರು ನಕ್ಕರು. "ಅಲ್ಲ ಮಾವ, ಅದು ಬ್ಲೂಬರ್ಡಿಗೆ. ಗೂಡು ಕಟ್ಟೋಕೆ."

ಕಂಬದ ಮಧ್ಯಕ್ಕೆ ಒಂದು ದಪ್ಪ ತಗಡಿನ ಕೊಳವೆ ತೊಡಿಸಿದ್ದರು. ಹಾವು, ರಕೂನು ಹತ್ತದಿರಲಿ ಅಂತ. ಅದು ನನಗೆ ಹೇಳಿಕೊಡದೆಯೇ ಅರ್ಥವಾಯಿತು. ಇಲಿ ಹತ್ತದಂತೆ ನಾವು ತೆಂಗಿನ ಮರಕ್ಕೆ ತಗಡು ಸುತ್ತಿ ಮೊಳೆ ಹೊಡೆಯುವುದಿಲ್ಲವೇ, ಅದೇ ಬುದ್ಧಿ. ಆದರೆ ಬಾಗಿಲಿನ ಲೆಕ್ಕ ಮಾತ್ರ ಹೊಸದು. ಡಬ್ಬದ ಮುಂದಿನ ತೂತು ಸರಿಯಾಗಿ ಒಂದೂವರೆ ಇಂಚು. ಒಂದು ಚೂರು ದೊಡ್ಡದಾದರೂ ಸ್ಟಾರ್ಲಿಂಗ್ ಅನ್ನುವ ಹಕ್ಕಿ ನುಗ್ಗುತ್ತದೆ. ನಮ್ಮ ಗೊರವಂಕದ ದಾಯಾದಿ ಅದು. 1890ರಲ್ಲಿ ಯಾರೋ ಪುಣ್ಯಾತ್ಮರು ಯುರೋಪಿನಿಂದ ತರಿಸಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅರವತ್ತನ್ನು ಹಾರಿಬಿಟ್ಟರಂತೆ. ಈಗ ದೇಶದ ತುಂಬ ಅವೇ.

ಬ್ಲೂಬರ್ಡಿಗೆ ಮರಕುಟಿಗನ ಹಾಗೆ ಕೊರೆಯುವ ಕೊಕ್ಕಿಲ್ಲ. ಯಾರೋ ಕೊರೆದು ಬಿಟ್ಟುಹೋದ ಪೊಟರೆಯೇ ಬೇಕು. ಒಣಮರಗಳನ್ನು ಕಡಿದು, ಮರದ ಬೇಲಿಗೂಟ ಕಿತ್ತು ಕಬ್ಬಿಣದ್ದು ನೆಟ್ಟಮೇಲೆ ಪೊಟರೆ ಎಲ್ಲಿ? ಇದ್ದಬದ್ದದ್ದಕ್ಕೆ ಸ್ಟಾರ್ಲಿಂಗಿನ ಪೈಪೋಟಿ ಬೇರೆ. ಹಕ್ಕಿ ಕಡಿಮೆಯಾಗುತ್ತಾ ಬಂತು. ಲಾರೆನ್ಸ್ ಝೆಲೆನಿ ಅಂತ ಒಬ್ಬರು, ಕೃಷಿ ಇಲಾಖೆಯಿಂದ ರಿಟೈರ್ ಆದವರು, ಹಕ್ಕಿಪೆಟ್ಟಿಗೆ ಇಡಿ ಅಂತ ಜನರ ಬೆನ್ನು ಹತ್ತಿ 1978ರಲ್ಲಿ ಬ್ಲೂಬರ್ಡಿಗಾಗಿಯೇ ಒಂದು ಸಂಘ ಕಟ್ಟಿದರು. ಸಾವಿರಾರು ಜನ ಹಿತ್ತಲಲ್ಲಿ, ಹೊಲದ ಅಂಚಿನಲ್ಲಿ ಡಬ್ಬ ನೆಟ್ಟರು. ಹಕ್ಕಿ ಮತ್ತೆ ಹೆಚ್ಚಿತು. ರಿಟೈರ್ ಆದವರಿಂದಲೂ ಲೋಕಕ್ಕೆ ಉಪಯೋಗ ಉಂಟು ಅಂತ ಇದನ್ನು ಅಡುಗೆಮನೆಗೆ ಕೇಳುವಂತೆ ಜೋರಾಗಿ ಹೇಳಿದೆ. ಕುಕ್ಕರ್ ಕೂಗುತ್ತಿತ್ತು.

ಅಂತೂ ನನಗೆ ಕೆಲಸ ಸಿಕ್ಕಿತು. ಡಬ್ಬ ಕಾಯುವುದು.

ಎರಡನೇ ದಿನವೇ ಚಿಂವ್ ಚಿಂವ್ ಅಂತ ಕೇಳಿಸಿತು. ಆ ಸದ್ದನ್ನು ನಾನು ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿದೇನು. ಡಬ್ಬದ ಮೇಲೆ ಗುಬ್ಬಚ್ಚಿ! ಗದ್ದದ ಕೆಳಗೆ ಕಪ್ಪು ಮೆತ್ತಿದ ಗಂಡು, ಎದೆಯುಬ್ಬಿಸಿಕೊಂಡು ಕೂತಿತ್ತು. ಹೆಣ್ಣು ತೂತಿನಲ್ಲಿ ತಲೆ ಹಾಕಿ ತೆಗೆದು ಮಾಡುತ್ತಿತ್ತು. ಹದಿನಾಲ್ಕು ಸಾವಿರ ಕಿಲೋಮೀಟರ್ ಹಾರಿ ಬಂದವನಿಗೆ ಊರಿನವರು ಸಿಕ್ಕರೆ ಹೇಗಾಗಬೇಡ? ನನ್ನ ಚಿಕ್ಕಂದಿನ ಮನೆಯಲ್ಲಿ ಗೋಡೆಗೆ ಓರೆಯಾಗಿ ತೂಗುಹಾಕಿದ್ದ ವೆಂಕಟರಮಣನ ಫೋಟೋ ಹಿಂದೆ ವರ್ಷವೂ ಗುಬ್ಬಿಗೂಡು. ಅದರಲ್ಲಿ ಮರಿ ಇರುವಷ್ಟು ದಿನ ಅಮ್ಮ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಏಪ್ರಿಲ್ ಸೆಖೆಯಲ್ಲಿ ಬೀಸಣಿಗೆ ಹಿಡಿದು ಕೂರುತ್ತಿದ್ದೆವು. ಈಗ ಹಾಸನದ ನಮ್ಮ ಮನೆಯ ಸಿಟೌಟಿನಲ್ಲಿ ಗುಬ್ಬಿಗೆಂದೇ ಒಂದು ಡಬ್ಬ ಇದೆ. ಒಂದು ಮಾರ್ಚ್ 20ಕ್ಕೆ, ವಿಶ್ವ ಗುಬ್ಬಚ್ಚಿ ದಿನ ಅಂತ ಬಡಾವಣೆಯವರು ಹಂಚಿದ್ದು. ಮೂರು ವರ್ಷದಲ್ಲಿ ಅದರೊಳಗೆ ಸಂಸಾರ ಮಾಡಿದ್ದು ಒಂದು ಹಲ್ಲಿ ಮಾತ್ರ.

ಓಡಿಹೋಗಿ ಅಳಿಯಂದಿರನ್ನು ಕರೆದೆ. ಅವರ ಮುಖ ಸಣ್ಣದಾಯಿತು.

"ಅಯ್ಯೋ ಮಾವ, ಅದೇ ವಿಲನ್ನು."

ಸ್ಟಾರ್ಲಿಂಗನ್ನು ತಡೆಯುವ ಒಂದೂವರೆ ಇಂಚು ಗುಬ್ಬಿಯನ್ನು ತಡೆಯುವುದಿಲ್ಲ. 1850ರ ಸುಮಾರಿಗೆ ಮರಗಳ ಕಂಬಳಿಹುಳು ತಿನ್ನಲಿ ಅಂತ ಇಂಗ್ಲೆಂಡಿನಿಂದ ಬ್ರೂಕ್ಲಿನ್ನಿಗೆ ತಂದು ಬಿಟ್ಟ ಗುಬ್ಬಿ, ಹುಳಕ್ಕಿಂತ ಕಾಳನ್ನೇ ಜಾಸ್ತಿ ಇಷ್ಟಪಟ್ಟು ದೇಶವೆಲ್ಲ ಹಬ್ಬಿತು. ಬ್ಲೂಬರ್ಡಿನ ಗೂಡಿಗೆ ನುಗ್ಗಿ ಮೊಟ್ಟೆ ಒಡೆಯುತ್ತದೆ. ಕಾವಿಗೆ ಕೂತ ತಾಯಿಯನ್ನು ತಲೆಗೆ ಕುಕ್ಕಿ ಕೊಂದು ಅದರ ಮೇಲೆಯೇ ತನ್ನ ಗೂಡು ಕಟ್ಟಿದ್ದೂ ಉಂಟಂತೆ. 1918ರ ಒಂದು ಕಾಯ್ದೆಯ ಪ್ರಕಾರ ಬ್ಲೂಬರ್ಡಿನ ಗೂಡು, ಮೊಟ್ಟೆ ಕಿತ್ತರೆ ಅಪರಾಧ. ಗುಬ್ಬಿಗೆ ಆ ರಕ್ಷಣೆ ಇಲ್ಲ. ಹೊರಗಿನಿಂದ ಬಂದದ್ದು ಅಂತ.

"ತಾನಾಗಿ ಬರಲಿಲ್ಲವಲ್ಲ, ಕರೆಸಿಕೊಂಡಿದ್ದಲ್ವಾ?" ಅಂದೆ. ಆದರೆ ನನಗೂ ಆರು ತಿಂಗಳು ಇರಬಹುದು ಅಂತ ಏರ್‌ಪೋರ್ಟಿನಲ್ಲಿ ಹೇಳಿ ಕಳಿಸಿದ್ದರು. ಜಾಸ್ತಿ ಮಾತಾಡಲಿಲ್ಲ.

ಅಳಿಯಂದಿರಿಗೆ ಆಫೀಸು. ಗುಬ್ಬಿ ತಂದಿಟ್ಟದ್ದನ್ನು ತೆಗೆದುಹಾಕುವ ಕೆಲಸ ನನ್ನ ಪಾಲಿಗೆ ಬಂತು. ಡಬ್ಬದ ಪಕ್ಕದ ಹಲಗೆ ತೆರೆದರೆ ಒಳಗೆ ಒಣಹುಲ್ಲು, ಯಾವುದೋ ಕೋಳಿಯ ಗರಿ, ಪ್ಲಾಸ್ಟಿಕ್ ಚೂರು, ಒಂದು ಕೆಂಪು ದಾರ. ವೆಂಕಟರಮಣನ ಫೋಟೋ ಹಿಂದೆ ಇದ್ದದ್ದೂ ಇದೇ ಥರದ ಕಸ. ಅಮ್ಮ ನೆನಪಾದಳು. ನಮಗೆಲ್ಲ ಅನ್ನ ತಿನ್ನಿಸುವಾಗ ಹೇಳುತ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆ ನೆನಪಾಯಿತು. ಮಳೆಗೆ ಸಗಣಿ ಮನೆ ಕರಗಿದ ಕಾಗಕ್ಕ ಬಂದು ಬಾಗಿಲು ಬಡಿದರೆ ಕಲ್ಲಿನ ಮನೆಯ ಗುಬ್ಬಕ್ಕ ಒಳಗಿನಿಂದಲೇ, "ತಡಿ, ಮಗೂಗೆ ನೀರು ಹಾಕ್ತಿದೀನಿ" ಅನ್ನುತ್ತಾಳೆ. ಆಮೇಲೆ "ಮಗು ಮಲಗಿಸ್ತಿದೀನಿ" ಅನ್ನುತ್ತಾಳೆ. ಬಾಗಿಲು ಮಾತ್ರ ತೆಗೆಯುವುದಿಲ್ಲ. ಕಥೆಯಲ್ಲೂ ಇವಳು ಅಂಥ ಒಳ್ಳೆಯವಳೇನಲ್ಲ ಅಂತ ಸಮಾಧಾನ ಮಾಡಿಕೊಂಡು ಕಸವನ್ನು ಬಾಚಿ ತೆಗೆದೆ. ಸಂಜೆ ಹೊತ್ತಿಗೆ ಮತ್ತೆ ಅಷ್ಟೇ ಹುಲ್ಲು. ಮಾರನೆಯ ದಿನ ಮತ್ತೆ. ಒಂದು ವಾರ ಹೀಗೇ ನಡೆಯಿತು. ಹಾಸನದಲ್ಲಿ ಬಾ ಬಾ ಅಂದರೂ ಬಾರದ್ದು ಇಲ್ಲಿ ಬೇಡ ಬೇಡ ಅಂದರೂ ಬಿಡುತ್ತಿಲ್ಲ. ಎಂಟನೇ ದಿನ ಅವು ಬರಲಿಲ್ಲ. ಗೆದ್ದೆ ಅನಿಸಬೇಕಿತ್ತು. ಅನಿಸಲಿಲ್ಲ.

ಬ್ಲೂಬರ್ಡ್ ಬಂದದ್ದು ಮೊಮ್ಮಗಳು ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನ. ನಮ್ಮ ರಾಜ್ಯಪಕ್ಷಿ ನೀಲಕಂಠ ಕೂತಾಗ ಮಾಸಲು ಮಾಸಲು, ರೆಕ್ಕೆ ಬಿಚ್ಚಿದರೆ ಮಾತ್ರ ನೀಲಿಯ ವೈಭವ. ಇದು ಕೂತಾಗಲೇ ಬೆನ್ನೆಲ್ಲ ನೀಲಿ, ಎದೆ ಇಟ್ಟಿಗೆ ಬಣ್ಣ, ಹೊಟ್ಟೆ ಬಿಳಿ. ಆ ಗರಿಯಲ್ಲಿ ನೀಲಿ ಬಣ್ಣ ಅನ್ನುವುದೇ ಇಲ್ಲವಂತೆ. ಗರಿಯ ಒಳಗಿನ ಕಟ್ಟಣೆಗೆ ಬೆಳಕು ಬಡಿದು ನೀಲಿಯಾಗಿ ತಿರುಗಿ ಬರುತ್ತದಂತೆ. ಕುಟ್ಟಿ ಪುಡಿ ಮಾಡಿದರೆ ನೀಲಿ ಮಾಯ. ಹೆಣ್ಣು ತುಸು ಬೂದು, ತೊಳೆದು ತೊಳೆದು ಬಣ್ಣ ಬಿಟ್ಟ ಸೀರೆಯ ಹಾಗೆ.

ಮನೆ ಕಟ್ಟುವುದೆಲ್ಲ ಹೆಣ್ಣೇ. ಪೈನಿನ ಸೂಜಿಯೆಲೆಗಳನ್ನು ಕಚ್ಚಿ ತಂದು ತಂದು ಒಳಗೆ ದುಂಡಗೆ ಹಾಸುತ್ತದೆ. ಒಪ್ಪವಾದ ಬಟ್ಟಲು, ಗುಬ್ಬಿಯ ಕಸದ ಹಾಗಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಗಂಡು ಮಾತ್ರ ಒಂದೇ ಒಂದು ಕಡ್ಡಿ ಹಿಡಿದುಕೊಂಡು ತೂತಿನೊಳಗೆ ಹೋಗುವುದು, ಹೊರಗೆ ಬರುವುದು, ಡಬ್ಬದ ಮೇಲೆ ಕೂತು ರೆಕ್ಕೆ ಬಡಿಯುವುದು. ಅಷ್ಟೇ ಅದರ ಕಾಮಗಾರಿ. ಕಿಟಕಿಯಿಂದ ನೋಡುತ್ತಿದ್ದ ನನ್ನ ಹೆಂಡತಿ, "ಮನೆ ಕಟ್ಟಿಸುವಾಗ ನೀವೂ ಹೀಗೇ ಕೊಡೆ ಹಿಡ್ಕೊಂಡು ಓಡಾಡಿದ್ದು" ಅಂದಳು. ಕ್ಯೂರಿಂಗಿಗೆ ನೀರು ಹಾಕಿದವರು ಯಾರು ಅಂತ ಕೇಳಬೇಕೆಂದಿದ್ದೆ. ನೀರು ಹಾಕಿದವಳೂ ಅವಳೇ.

ದಿನಕ್ಕೊಂದರಂತೆ ಐದು ಮೊಟ್ಟೆ, ತಿಳಿನೀಲಿ. ಮೊದಲ ಮೊಟ್ಟೆ ಬಿದ್ದ ದಿನವೇ ಅಳಿಯಂದಿರು ಡಬ್ಬದ ಮೇಲೆ ಮಿರಿಮಿರಿ ಮಿಂಚುವ ರಿಬ್ಬನ್ನು ಇಳಿಬಿಟ್ಟರು. ಗುಬ್ಬಿ ಹೆದರುತ್ತದೆ, ಬ್ಲೂಬರ್ಡ್ ಕ್ಯಾರೇ ಅನ್ನುವುದಿಲ್ಲವಂತೆ. ನಮ್ಮಲ್ಲಿ ಹಳೇ ಕ್ಯಾಸೆಟ್ಟಿನ ರೀಲನ್ನು ಜೋಳದ ಹೊಲಕ್ಕೆ ಕಟ್ಟುತ್ತಿದ್ದರಲ್ಲ, ಅದರ ಇಸ್ತ್ರಿ ಮಾಡಿದ ಆವೃತ್ತಿ. ಕೊನೆಯ ಮೊಟ್ಟೆ ಇಟ್ಟಮೇಲೆಯೇ ಹೆಣ್ಣು ಕಾವಿಗೆ ಕೂತಿತು. ಎಲ್ಲ ಮರಿಯೂ ಒಟ್ಟಿಗೆ ಹೊರಬರಲಿ ಅನ್ನುವ ಉಪಾಯ. ಗಂಡು ಆಗಾಗ ಹುಳ ಹಿಡಿದು ತಂದು ತೂತಿನಲ್ಲೇ ಅದಕ್ಕೆ ತಿನ್ನಿಸುತ್ತಿತ್ತು. ಒಳಗೆ ನನ್ನ ಹೆಂಡತಿ ಮಗಳಿಗೆ ಮೆಣಸಿನ ಸಾರು ಅನ್ನ ಕಲಸುತ್ತಿದ್ದಳು.

ಹುಳದ ಪ್ರಕರಣ ನಡೆದದ್ದು ಆಗಲೇ. ಒಂದು ಬೆಳಗ್ಗೆ ಅಡುಗೆಮನೆಯಿಂದ ಕಿರುಚಾಟ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ, ರವೆ ಇರಬೇಕು ಅಂತ ಇವಳು ಮುಚ್ಚಳ ತೆಗೆದಿದ್ದಾಳೆ. ಬೂಸಾದ ನಡುವೆ ಐನೂರು ಹಳದಿ ಹುಳ. ಒಂದು ಸುಮ್ನೆ ಹೊರಳಿತಂತೆ. ಅಂಗಡಿಯಲ್ಲಿ ಹಕ್ಕಿಗೆ ಅಂತಲೇ ಜೀವಂತ ಮಾರುವ ಹಿಟ್ಟಿನ ಹುಳ ಅವು. ತಣ್ಣಗಿಟ್ಟರೆ ಮಲಗಿರುತ್ತವೆ. ನಲವತ್ತು ವರ್ಷ ಹಿಟ್ಟು ಜರಡಿ ಹಿಡಿದು ಹುಳ ತೆಗೆದವಳ ಮುಂದೆ ದುಡ್ಡು ಕೊಟ್ಟು ಹುಳ ತಂದಿದ್ದೇನೆ ಅಂತ ಹೇಳುವ ಧೈರ್ಯ ಅಳಿಯಂದಿರಿಗೆ ಬರಲಿಲ್ಲ. "ಮಾವನೇ..." ಅಂತ ನನ್ನ ಕಡೆ ನೋಡಿದರು. ಅವತ್ತು ಮಧ್ಯಾಹ್ನವೇ ಗರಾಜಿಗೆ ಒಂದು ಪುಟ್ಟ ಫ್ರಿಜ್ ಬಂತು.

ಹದಿಮೂರನೇ ದಿನಕ್ಕೆ ಮರಿ. ಐದರಲ್ಲಿ ನಾಲ್ಕು ಒಡೆದವು, ಒಂದು ಹಾಗೇ ಉಳಿಯಿತು. ಕಣ್ಣು ಮುಚ್ಚಿದ, ಮೈಮೇಲೆ ಬೂದು ಧೂಳಿನಂಥ ತುಪ್ಪಳದ, ಬರೀ ಬಾಯಿಯೇ ಆಗಿದ್ದ ನಾಲ್ಕು ಜೀವ. ಡಬ್ಬದೊಳಗೆ ಅಳಿಯಂದಿರು ಒಂದು ಕ್ಯಾಮೆರಾ ಇಟ್ಟಿದ್ದರು. ತೊಟ್ಟಿಲ ಮೇಲೆ ಇನ್ನೊಂದು. ಮಗಳ ಫೋನಿನಲ್ಲಿ ಒಂದು ಕಡೆ ಮರಿಗಳು, ಒಂದು ಕಡೆ ಮಗು. ಒಮ್ಮೆ ರಾತ್ರಿ ನಿದ್ದೆಗಣ್ಣಲ್ಲಿ ನೋಡಿ, "ಅಮ್ಮಾ, ಬಾಯಿ ಬಿಡ್ತಿದೆ, ಹಸಿವಾಗಿರ್ಬೇಕು" ಅಂತ ಎದ್ದು ಕೂತಳಂತೆ. ಮಗು ಗಾಢ ನಿದ್ದೆಯಲ್ಲಿತ್ತು.

ನನಗೆ ಕ್ಯಾಮೆರಾ ಬೇಡ. ಕುರ್ಚಿಯೇ ಸಾಕು. ಅಪ್ಪ ಅಮ್ಮ ಎರಡೂ ಬೇಲಿಯ ಮೇಲೆ ಕೂತು ಹುಲ್ಲನ್ನೇ ದಿಟ್ಟಿಸುತ್ತವೆ, ದೊಪ್ಪನೆ ನೆಲಕ್ಕಿಳಿದು ಮಿಡತೆಯನ್ನೋ ಜೇಡವನ್ನೋ ಎತ್ತಿಕೊಳ್ಳುತ್ತವೆ. ಹುಳ ಕೊಟ್ಟು ಹೊರಡುವಾಗ ಕೊಕ್ಕಿನಲ್ಲಿ ಬಿಳಿ ಗುಳಿಗೆಯಂಥದ್ದು. ಮರಿಗಳ ಹಿಕ್ಕೆ ಅದು. ತೆಳು ಪೊರೆಯ ಚೀಲದಲ್ಲಿ ಕಟ್ಟಿಕೊಟ್ಟ ಹಾಗೆ ಬರುತ್ತದೆ, ದೂರ ಒಯ್ದು ಬಿಸಾಡುತ್ತವೆ. ಗೂಡು ಸ್ವಚ್ಛ. ಈ ವ್ಯವಸ್ಥೆಯನ್ನು ಹೆಂಡತಿಗೆ ವಿವರಿಸಿದೆ. ಅವಳು ಆ ಹೊತ್ತಿಗೆ ಆ ದಿನದ ಒಂಬತ್ತನೇ ಡೈಪರ್ ಮಡಚುತ್ತಿದ್ದಳು. "ಅದೃಷ್ಟ ಮಾಡಿದ್ದವು" ಅಂದಳು, ಅಷ್ಟೇ. ಆದರೆ ಮಾರನೆಯ ದಿನ ಅವಳೇ ಬಾಗಿಲಲ್ಲಿ ನಿಂತು, "ರೀ, ಅವಕ್ಕೆ ಹುಳ ಹಾಕಿದ್ರಾ?" ಅಂದಳು.

ಹನ್ನೆರಡು ದಿನ ಆದಮೇಲೆ ಡಬ್ಬ ತೆರೆಯುವಂತಿಲ್ಲ. ಮರಿಗಳು ಬೆದರಿ ಹಾರಲು ಬಾರದಿದ್ದರೂ ಹಾರಿಬಿಡುತ್ತವೆ. ದೂರದಿಂದಲೇ ನೋಡಿದೆ. ತೂತಿನಲ್ಲಿ ಒಂದು ಮುಖ, ಅದನ್ನು ತಳ್ಳಿ ಇನ್ನೊಂದು. ಹದಿನೆಂಟನೇ ದಿನ ಬೆಳಗ್ಗೆ ಅಪ್ಪ ಅಮ್ಮ ಹುಳ ಹಿಡಿದು ಬಂದರೂ ಕೊಡಲಿಲ್ಲ. ಬೇಲಿಯ ಮೇಲೆ ಕೂತು ಕರೆದವು. ಎದೆಯ ತುಂಬ ಚುಕ್ಕೆ ಇದ್ದ ಒಂದು ಮರಿ ಅರ್ಧ ಮೈ ಹೊರಗೆ ಹಾಕಿ ಹಾಗೇ ನಿಂತಿತು. ಬಸ್ಸಿಂದ ಇಳಿಯಲು ಫುಟ್‌ಬೋರ್ಡಿನಲ್ಲಿ ನಿಂತ ಮುದುಕಿಯ ಹಾಗೆ.

"ಬಾರೇ ಬೇಗ, ಹಾರ್ತಿವೆ!" ಅಂತ ಕೂಗಿದೆ.

ಒಳಗಿನಿಂದ ಉತ್ತರ ಬಂತು. "ತಡೀರಿ, ಮಗೂಗೆ ನೀರು ಹಾಕ್ತಿದೀನಿ!"

ಥೇಟ್ ಗುಬ್ಬಕ್ಕ. ಮಗುವಿಗೆ ನೀರು ಹಾಕಿ, ಸಾಂಬ್ರಾಣಿ ತೋರಿಸಿ, ಹೊದಿಸಿ ಅವಳು ಹೊರಗೆ ಬರುವಷ್ಟರಲ್ಲಿ ಮೂರು ಪೈನ್ ಮರ ಸೇರಿದ್ದವು. ಫೈರ್ ಅಲಾರಂ ಕೂಗೀತು ಅಂತ ಸಾಂಬ್ರಾಣಿಯನ್ನು ಗರಾಜಿನಲ್ಲಿ ಹಾಕಬೇಕು, ತಡವಾಗುತ್ತದೆ. ನಾಲ್ಕನೆಯದು ಮಾತ್ರ ಕಾದಿತ್ತು. ಮಗುವನ್ನು ಎತ್ತಿಕೊಂಡು ನನ್ನ ಪಕ್ಕ ಕುರ್ಚಿಯಲ್ಲಿ ಕೂತಳು. ಬಾಣಂತನ ಶುರುವಾದ ಮೇಲೆ ಅವಳು ಹಾಗೆ ಸುಮ್ಮನೆ ಕೂತದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಅದೂ ಹಾರಿತು. ಹಾರಿತು ಅನ್ನುವುದಕ್ಕಿಂತ ಬಿದ್ದು, ನಡುವೆ ನೆನಪಾಗಿ ರೆಕ್ಕೆ ಬಡಿಯಿತು.

ಆ ಶನಿವಾರ ದಿನಸಿ ತರಲು ಇಂಡಿಯನ್ ಅಂಗಡಿಗೆ ಹೋದೆವು. ಅಳಿಯಂದಿರು ಡಿಕ್ಕಿಗೆ ಸೋನಾ ಮಸೂರಿಯ ಮೂಟೆ ಹಾಕುತ್ತಿದ್ದರು. ಚಿಂವ್ ಅಂತ ಕೇಳಿಸಿ ತಲೆಯೆತ್ತಿದೆ. ಅಂಗಡಿಯ ಬೋರ್ಡಿನ ದೊಡ್ಡ ಅಕ್ಷರಗಳು ಒಳಗೆ ಪೊಳ್ಳು. ಒಂದು ಅಕ್ಷರದ ಸಂದಿಯಿಂದ ಒಣಹುಲ್ಲು ಇಳಿಬಿದ್ದಿತ್ತು. ಗದ್ದಕ್ಕೆ ಕಪ್ಪು ಮೆತ್ತಿಕೊಂಡವನು ಅಕ್ಷರದ ನೆತ್ತಿಯ ಮೇಲೆ ಎದೆಯುಬ್ಬಿಸಿ ಕೂತಿದ್ದ. ಹೆಣ್ಣು ಕೆಳಗೆ ತಳ್ಳುಗಾಡಿಗಳ ನಡುವೆ ಯಾರದೋ ಹರಿದ ಚೀಲದಿಂದ ಉದುರಿದ ಅಕ್ಕಿ ಆರಿಸುತ್ತಿತ್ತು. ನಾನು ಹಿತ್ತಲಿಂದ ಓಡಿಸಿದವೇ ಇರಬಹುದು, ಬೇರೆಯವೂ ಇರಬಹುದು.

"ಏನ್ ಮಾವ ನೋಡ್ತಿದೀರಿ?" ಅಂದರು ಅಳಿಯಂದಿರು.

"ಏನಿಲ್ಲ, ಬೋರ್ಡು" ಅಂದೆ. ನಮ್ಮ ಮೂಟೆಯ ಮೂಲೆಯಲ್ಲೂ ಒಂದು ಸಣ್ಣ ತೂತಿತ್ತು. ಬೆರಳಿಟ್ಟು ಮುಚ್ಚಬಹುದಿತ್ತು. ಮುಚ್ಚಲಿಲ್ಲ.